ಬಬಲೇಶ್ವರದಲ್ಲಿ ಒಲೆ ಹತ್ತದ ದಿನ

ನಮ್ಮ ಕ್ರೈಸ್ತ ಸಭೆಯವರು ಬಬಲೇಶ್ವರದಲ್ಲಿ ನಡೆಸಿದ ಕ್ರಿಸ್‌ಮಸ್ ಸ್ನೇಹಕೂಟ ಅಭೂತಪೂರ್ವ ಯಶಸ್ಸು ಕಂಡಿತು ಎಂದು ವಿಜಯಪುರದ ಪತ್ರಿಕೆಗಳು ಬರೆದವು. ಫೋಟೋದಲ್ಲಿ ಜನ ಕಾಣುತ್ತಾರೆ, ಜನರ ಹಿಂದೆ ಮತ್ತೆ ಜನ ಕಾಣುತ್ತಾರೆ, ಮೂಲೆಯಲ್ಲಿ ಒಂದು ಎಮ್ಮೆಯೂ ಕಾಣುತ್ತದೆ. ಇಷ್ಟು ಯಶಸ್ಸು ಹೇಗೆ ಬಂತು ಎಂದು ವಿಚಾರ ಮಾಡಲು ಮುಂದಿನ ಭಾನುವಾರ ಆರಾಧನೆ ಮುಗಿದ ಮೇಲೆ ಬಬಲೇಶ್ವರದ ನಮ್ಮ ಪ್ರಾರ್ಥನಾ ಮಂದಿರದಲ್ಲೇ ಪರಾಮರ್ಶೆ ಸಭೆ ಕರೆದರು. ಕಾರ್ಯಕ್ರಮ ಕೆಟ್ಟರೆ ಇಂಥ ಸಭೆ ಬೇಕಾಗುವುದಿಲ್ಲ, ಎಲ್ಲರೂ ತಲೆ ತಗ್ಗಿಸಿ ಮನೆಗೆ ಹೋಗುತ್ತಾರೆ. ಗೆದ್ದಾಗಲೇ ಪಜೀತಿ, ಏಕೆಂದರೆ ಗೆಲ್ಲಿಸಿದವರು ಯಾರು ಎಂಬುದು ತೀರ್ಮಾನವಾಗಬೇಕಲ್ಲ. ನಾನು ಸಮಿತಿಯ ಸದಸ್ಯ, ಸಾಲದ್ದಕ್ಕೆ ನಿವೃತ್ತ ಕನ್ನಡ ಮಾಸ್ತರ. ಹೀಗಾಗಿ ನಡೆದದ್ದನ್ನು ಮೊದಲಿನಿಂದ ಹೇಳುವ ಕೆಲಸ ನನ್ನ ಕೊರಳಿಗೆ ಬಿತ್ತು. ಅಲ್ಲಿ ಮರ್ಯಾದೆಗಾಗಿ ಬಿಟ್ಟದ್ದನ್ನೂ ಸೇರಿಸಿ ಇಲ್ಲಿ ಹೇಳುತ್ತೇನೆ.

ಇದಕ್ಕೆಲ್ಲ ಮೂಲ ಪುರುಷ ನಮ್ಮ ರಾಜರತ್ನ. ಸೊಲ್ಲಾಪುರ ರಸ್ತೆಯಲ್ಲಿ ಅಂಗಡಿ ಇಟ್ಟುಕೊಂಡು ಆಟೋ, ಟ್ರ್ಯಾಕ್ಟರುಗಳ ಸೀಟು ಹೊಲಿಯುತ್ತಾನೆ. ಕೆಲಸ ಗಟ್ಟಿ. ಗಾಡಿ ಗುಜರಿಗೆ ಹೋದರೂ ಅವನು ಹೊಲಿದ ಸೀಟು ಉಳಿದಿರುತ್ತದೆ. ರೆಗ್ಜಿನ್ ಕತ್ತರಿಸುವಾಗ ತಪ್ಪದ ಅಳತೆ ಮಾತಾಡುವಾಗ ಮಾತ್ರ ತಪ್ಪುತ್ತದೆ. ಆರಾಧನೆಗೆ ಎಂಟು ಮಂದಿ ಬಂದರೆ ಮಂದಿರ ತುಂಬಿತ್ತು ಎನ್ನುತ್ತಾನೆ. ಖರೇನೇ ತುಂಬಿದರೆ ಕಾಲಿಡಲು ಜಾಗ ಇರಲಿಲ್ಲ, ಗೋಡೆ ಬಿರುಕು ಬಿಟ್ಟಿತು ಎನ್ನುತ್ತಾನೆ. ಸುಳ್ಳುಗಾರ ಎನ್ನಲಾಗುವುದಿಲ್ಲ, ಹೇಳುವ ಹೊತ್ತಿಗೆ ಅವನಿಗೆ ಹಾಗೆಯೇ ಕಾಣುತ್ತಿರುತ್ತದೆ.

ಬಬಲೇಶ್ವರದಲ್ಲಿ ಹಳೆಯ ಊರಬಾಗಿಲಿನ ಒಳಗೆ, ಜನ ಅಗಸಿ ಒಳಗೆ ಎನ್ನುವ ಕಡೆ, ನಮ್ಮದೊಂದು ಸಣ್ಣ ಪ್ರಾರ್ಥನಾ ಮಂದಿರವಿದೆ. ತಗಡಿನ ಮಾಡು, ನಾಲ್ಕು ಬೆಂಚು, ನಾಲ್ಕು ಮನೆತನ. ಜಿಲ್ಲೆಯ ಸಭೆಗಳನ್ನೆಲ್ಲ ನೋಡಿಕೊಳ್ಳುವ ಮೇಲ್ವಿಚಾರಕ ಅಯ್ಯನವರು ಚಳಿಗಾಲದ ಆರಂಭದಲ್ಲಿ ನಮ್ಮ ಸಮಿತಿಗೆ ಬಂದು, ನಾಲ್ಕು ಮನೆಗಾಗಿ ಪ್ರತಿ ವಾರ ಪಾಸ್ಟರರನ್ನು ಕಳಿಸುವುದು ಕಷ್ಟವಾಗಿದೆ, ಆ ಮಂದಿರ ಮುಚ್ಚಿ ಅವರನ್ನೆಲ್ಲ ತಿಕೋಟಾದ ಸಭೆಗೆ ಸೇರಿಸೋಣ ಎಂದರು. ಮಾತಿನಲ್ಲಿ ಸಿಟ್ಟಿರಲಿಲ್ಲ, ಲೆಕ್ಕವೂ ಸರಿಯಾಗಿತ್ತು. ನಾವೆಲ್ಲ ತಲೆ ಆಡಿಸುವುದರಲ್ಲಿದ್ದೆವು.

ಆದರೆ ಬಾಗಿಲ ಹತ್ತಿರ ಬಬಲೇಶ್ವರದ ಮುದುಕವ್ವ ಕೂತಿದ್ದಳು. ಆ ಮಂದಿರದ ಗೋಡೆಗೆ ಅವಳ ಗಂಡ ಕಲ್ಲು ಹೊತ್ತಿದ್ದ. ಈಗ ಗಂಡನಿಲ್ಲ, ಎರಡೂ ಮೊಣಕಾಲು ಮಾತು ಕೇಳುವುದಿಲ್ಲ. ಭಾನುವಾರ ಬೆಳಿಗ್ಗೆ ಗೋಡೆ ಹಿಡಿದು, ಕಟ್ಟೆ ಹಿಡಿದು, ನಿಂತು ನಿಂತು ಮಂದಿರ ಮುಟ್ಟುತ್ತಾಳೆ. ಅಂದು ಯಾರೋ ಜೀಪಿನಲ್ಲಿ ಎತ್ತಿ ಕೂಡಿಸಿಕೊಂಡು ವಿಜಯಪುರಕ್ಕೆ ತಂದಿದ್ದರು. ಇಳಿಸುವಾಗ ಅವಳು ಹಲ್ಲು ಕಚ್ಚಿದ್ದನ್ನು ನಾವೆಲ್ಲ ನೋಡಿದ್ದೆವು. ತಿಕೋಟಾ ಎಂಬ ಮಾತು ಬಂದಾಗ ಅವಳು ಒಂದೇ ಮಾತು ಕೇಳಿದಳು.

"ಹಂಗಾದ್ರ ನಾ ಇನ್ ಮನ್ಯಾಗ ಕುಂತ ಪ್ರಾರ್ಥನಾ ಮಾಡ್ಕೋಬೇಕೇನ್ರಿ?"

ಉತ್ತರ ಕೊಟ್ಟವನು ರಾಜರತ್ನ. ಅವನ ಹೆಂಡತಿ ವಿಶಾಖಾ ಅಂಗಿಯ ಚುಂಗು ಹಿಡಿದು ಜಗ್ಗುವಷ್ಟರಲ್ಲಿ ಎದ್ದು ನಿಂತಿದ್ದ.

"ಅಯ್ಯನೋರ, ಆ ಮಂದಿರ ಬೇಕನ್ನೋದು ನಾಕ ಮನಿ ಅಲ್ರಿ. ಅಗಸಿ ಒಳಗಿನ ಊರಿಗೆ ಊರೇ ಬೇಕನ್ನಾಕತ್ತೈತಿ."

ಅಯ್ಯನವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಹಾಗಿದ್ದರೆ ಈ ಸಲದ ಕ್ರಿಸ್‌ಮಸ್ ಸ್ನೇಹಕೂಟವನ್ನು ಅಲ್ಲೇ ಇಡಿ, ಊರವರನ್ನೂ ಕರೆಯಿರಿ, ನಾನೇ ಬಂದು ನೋಡಿ ಆಮೇಲೆ ತೀರ್ಮಾನ ಹೇಳುತ್ತೇನೆ ಎಂದರು. ಸ್ನೇಹಕೂಟದ ಜವಾಬ್ದಾರಿ ಯಾರದು ಎಂದು ಕೇಳುವ ಅಗತ್ಯವೇ ಬೀಳಲಿಲ್ಲ. ರಾಜರತ್ನ ಇನ್ನೂ ನಿಂತೇ ಇದ್ದ.

ಅಡುಗೆ ಇನ್ನೂರು ಮಂದಿಗೆ ಎಂದು ಗೊತ್ತುಮಾಡಿದೆವು. ನಾಲ್ಕು ಮನೆತನ, ವಿಜಯಪುರದಿಂದ ಹೋಗುವ ನಾವು, ಓಣಿಯ ಹಿರಿಯರು, ಮೇಲೆ ಒಂದಿಷ್ಟು. ಗೋಧಿ ಹುಗ್ಗಿ, ಬದನೆಕಾಯಿ ಪಲ್ಯ, ಅನ್ನ, ಸಾರು. ಅಡುಗೆಗೆ ತಿಕೋಟಾದ ಇಸ್ಮಾಯಿಲ. ಮೂರು ಜಾತ್ರೆ ಮುಂದಿದ್ದರೂ ಬೆವರದ ಮನುಷ್ಯ ಎಂದು ಆ ಕಡೆಯಲ್ಲೆಲ್ಲ ಅವನ ಹೆಸರು. ಇನ್ನು ಊರವರನ್ನು ಕರೆಯುವುದೊಂದು ಉಳಿಯಿತು.

ಇಲ್ಲಿ ಒಂದು ಪದ್ಧತಿಯ ಮಾತು ಹೇಳಬೇಕು. ನಮ್ಮ ಕಡೆ ಊಟಕ್ಕೆ ಕರೆಯುವುದರಲ್ಲಿ ದರ್ಜೆಗಳಿವೆ. ಬರ್ರಿ ಎಂದರೆ ಬಂದರೂ ಸರಿ, ಬಿಟ್ಟರೂ ಸರಿ. ಮನಿಗೊಬ್ಬರು ಬರ್ರಿ ಎಂದರೆ ಯಜಮಾನ ಬಂದು ಉಂಡು ಎಲೆಅಡಿಕೆ ಹಾಕಿಕೊಂಡು ಹೋಗುತ್ತಾನೆ. ಎಲ್ಲಕ್ಕಿಂತ ಮೇಲಿನದು ಒಲಿ ಹಚ್ಚಬ್ಯಾಡ್ರಿ ಎಂಬ ಕರೆ. ಹಾಗೆ ಕರೆದರೆ ಆ ಮನೆಯಲ್ಲಿ ಅಂದು ಬೆಂಕಿ ಕಾಣುವುದಿಲ್ಲ. ತೊಟ್ಟಿಲ ಕೂಸಿನಿಂದ ಹಾಸಿಗೆ ಹಿಡಿದ ಅಜ್ಜನವರೆಗೆ, ಬಂದ ಬೀಗರು ಸಮೇತ, ಎಲ್ಲರ ಹೊಟ್ಟೆಯೂ ಕರೆದವನ ಪಾಲಿಗೆ. ಹಾಗೆ ಕರೆಸಿಕೊಂಡೂ ಒಲೆ ಹಚ್ಚಿದರೆ ಕರೆದವನ ಮುಖಕ್ಕೆ ಹೊಡೆದಂತೆ. ಈಗ ಮನೆಮನೆಗೂ ಗ್ಯಾಸ್ ಬಂದಿದೆ, ಮರ್ಯಾದೆ ಗ್ಯಾಸಿಗೂ ಅನ್ವಯಿಸುತ್ತದೆ. ಮಗಳ ಮದುವೆಯಲ್ಲಿ ಅಣ್ಣತಮ್ಮಂದಿರ ಐದಾರು ಮನೆಗೆ ಹೀಗೆ ಕರೆಯುವುದುಂಟು. ಇಡೀ ಊರಿಗೆ ಕರೆಯುವವನು ಮೊದಲು ತನ್ನ ಹೊಲ ಎಷ್ಟಿದೆ ನೋಡಿಕೊಳ್ಳುತ್ತಾನೆ. ರಾಜರತ್ನ ಹುಟ್ಟಿ ಬೆಳೆದದ್ದೆಲ್ಲ ವಿಜಯಪುರದ ಬಾಡಿಗೆ ಮನೆಯಲ್ಲಿ. ಹೆಂಡತಿಯ ಕಡೆಯ ಮದುವೆಯೊಂದರಲ್ಲಿ ಈ ಮಾತು ಕಿವಿಗೆ ಬಿದ್ದು, ಕೇಳಲು ಚೆಂದವಾಗಿದೆ ಎಂದು ಮನಸ್ಸಿನಲ್ಲಿ ಇಟ್ಟುಕೊಂಡಿದ್ದ.

ಸಂತೆಯ ದಿನ ನಾವಿಬ್ಬರೂ ಬಬಲೇಶ್ವರಕ್ಕೆ ಹೋದೆವು. ನಾನು ಬಸ್ ಸ್ಟ್ಯಾಂಡಿನಲ್ಲಿ ಬಾಳೆಹಣ್ಣಿನ ಚೌಕಾಸಿಗೆ ನಿಂತೆ. ಅವನು ಮುಂದೆ ಹೋದ. ನಾನು ಜೊತೆಗಿದ್ದರೆ ಅಲ್ಲೇ ಅವನ ಬಾಯಿಗೆ ಕೈ ಅಡ್ಡ ಹಿಡಿಯುತ್ತಿದ್ದೆ, ಈ ಕಥೆಯೂ ಹುಟ್ಟುತ್ತಿರಲಿಲ್ಲ.

ಅಗಸಿಯ ಹಿರಿಯ ಶಿವಶರಣಪ್ಪ. ಜೋಳದ ವ್ಯಾಪಾರಿ. ಅಗಸಿ ಒಳಗಿನ ಯಾವ ಕಾರ್ಯವೂ ಅವರ ಅಂಗಡಿಯ ಕಟ್ಟೆ ಹತ್ತದೆ ಮುಂದೆ ಹೋಗುವುದಿಲ್ಲ. ಅವರು ಆಮಂತ್ರಣ ಪತ್ರಿಕೆಯನ್ನು ಹಿಂದೆ ಮುಂದೆ ತಿರುಗಿಸಿ ಓದಿ, ಚಹಾ ತರಿಸಿ, ಹಿರಿಯರು ಯಾವಾಗಲೂ ಕೇಳುವ ಪ್ರಶ್ನೆ ಕೇಳಿದರು.

"ಹೆಂಗ ಕರ್ಯಾಕತ್ತೀರಿ?"

ಎಷ್ಟು ಪ್ರೀತಿಯಿಂದ ಕರೆಯುತ್ತಿದ್ದೀರಿ ಎಂದು ಕೇಳುತ್ತಿದ್ದಾರೆಂದು ರಾಜರತ್ನ ತಿಳಿದ. ಎದೆಯ ಮೇಲೆ ಕೈ ಇಟ್ಟುಕೊಂಡು, ಯಾರೂ ಒಲಿ ಹಚ್ಚಬ್ಯಾಡ್ರಿ ಎಂದ. ಶಿವಶರಣಪ್ಪ ಚಹಾದ ಬಸಿಯನ್ನು ಕೆಳಗಿಟ್ಟು, ನಮ್ಮ ಮನೆಯಲ್ಲಷ್ಟೋ ಎಲ್ಲರ ಮನೆಯಲ್ಲೋ ಎಂದು ವಿಚಾರಿಸಿದರು. ಇವನಿಗೆ ಇನ್ನಷ್ಟು ಹುರುಪು ಬಂತು.

"ಅಗಸಿ ಒಳಗ ಒಂದ ಮನಿ ಒಲಿನೂ ಹೊಗಿ ಆಡಬಾರ್ದು ನೋಡ್ರಿ ಯಜಮಾನ್ರ."

ಶಿವಶರಣಪ್ಪ ಟೊಪ್ಪಿಗೆ ತೆಗೆದರು. ಧೂಳು ಝಾಡಿಸಿ ಮತ್ತೆ ಹಾಕಿಕೊಂಡರು. ಅಂಥ ಕರೆಯನ್ನು ಅವರ ತಂದೆ ಒಮ್ಮೆ ಕೇಳಿದ್ದರಂತೆ, ಅವರು ಕೇಳಿರಲಿಲ್ಲ. ನಿಮ್ಮ ಮಾತು ಊರಿಗೆ ಮುಟ್ಟಿಸುತ್ತೇನೆ ಎಂದು ಕೈ ಮುಗಿದರು, ಸಂಜೆಯೇ ಡಂಗುರದವನನ್ನು ಕರೆಸಿದರು. ಬಸ್ಸಿನಲ್ಲಿ ರಾಜರತ್ನ ನನಗೆ ಹೇಳಿದ್ದು ಇಷ್ಟೇ: ಹಿರಿಯರು ಬಹಳ ಖುಷಿಪಟ್ಟರು, ಟೊಪ್ಪಿಗೆ ತೆಗೆದರು. ಇದರಲ್ಲಿ ಅರ್ಧ ಕಳೆದು ನಂಬಿದೆ. ಅಲ್ಲಿಯವರೆಗೆ ಅವನ ಜೀವನದಲ್ಲಿ ಅಳತೆ ಮೀರದೆ ಆಡಿದ ಮಾತು ಅದೊಂದೇ ಆಗಿತ್ತು.

ಸ್ನೇಹಕೂಟದ ದಿನ ಬೆಳಿಗ್ಗೆ ಇಸ್ಮಾಯಿಲ ತಿಕೋಟಾದಲ್ಲಿ ಟೆಂಪೋಗೆ ಪಾತ್ರೆ ಏರಿಸುತ್ತಿದ್ದ. ಬಬಲೇಶ್ವರಕ್ಕೆ ಮದುವೆ ಮಾಡಿಕೊಟ್ಟ ತಂಗಿ ಸುರೈಯಾಳ ಫೋನ್ ಬಂತು. ಅಣ್ಣ ಊರಿಗೆ ಬರುತ್ತಿದ್ದಾನೆ, ಆದರೆ ಅವನಿಗೆ ಚಹಾ ಮಾಡಿಕೊಡಲೂ ಆಗುವುದಿಲ್ಲ ಎಂದು ಅವಳಿಗೆ ಸಂಕಟ. ಏಕೆ ಎಂದು ಕೇಳಿ, ಕಾರಣ ತಿಳಿದು, ಇಸ್ಮಾಯಿಲ ಪಾತ್ರೆಯೊಂದನ್ನು ಕೆಳಗಿಟ್ಟು ರಾಜರತ್ನನಿಗೆ ಫೋನ್ ಹಚ್ಚಿದ.

"ರಾಜಣ್ಣ, ನಾ ಎಷ್ಟ ಮಂದಿ ಅಡಗಿ ಮಾಡಾಕ ಹೊಂಟೀನಿ?"

ಇನ್ನೂರು ಎಂದ ಇವನು.

"ನನ್ನ ತಂಗಿ ಒಲಿ ಹಚ್ಚಿಲ್ಲ. ಆಕಿ ಓಣ್ಯಾಗ ಹಚ್ಚಿಲ್ಲ. ಅಗಸಿ ಒಳಗ ಎಲ್ಲೂ ಹಚ್ಚಿಲ್ಲ. ನೀ ಅಲ್ಲಿ ಏನ್ ಹೇಳಿ ಬಂದೀ?"

ಇವನು ಹೇಳಿದ. ಅದರ ಅರ್ಥವನ್ನು ಇಸ್ಮಾಯಿಲ ತಿಳಿಸಿದ. ಇದನ್ನು ಇಸ್ಮಾಯಿಲನೇ ನಂತರ ನಮಗೆ ಹೇಳಿದ್ದು. ಅರ್ಥ ತಿಳಿದ ಮೇಲೆ ರಾಜರತ್ನ ಕೇಳಿದ್ದು, ಹುಗ್ಗಿಗೆ ಎಷ್ಟು ನೀರು ಹಾಕಬಹುದು ಎಂದು.

ಅದೇ ಹೊತ್ತಿಗೆ ಮೇಲ್ವಿಚಾರಕ ಅಯ್ಯನವರ ಕಾರು ಬಬಲೇಶ್ವರ ಮುಟ್ಟಿತು. ಚಹಾ ಇಲ್ಲದೆ ಅವರ ದಿನ ಆರಂಭವಾಗುವುದಿಲ್ಲ. ಬಸ್ ಸ್ಟ್ಯಾಂಡಿನ ಮೊದಲ ಅಂಗಡಿಯವನು ಅಗಸಿ ಒಳಗಿನವನು, ಅವನು ಇವತ್ತು ಒಲೆ ಹಚ್ಚುವಂತಿಲ್ಲ ಎಂದ. ಎರಡನೆಯವನು ಅವನ ತಮ್ಮ. ಮೂರನೆಯ ಅಂಗಡಿಯಲ್ಲಿ ಭಜಿ ಕರಿಯುವ ಬಾಣಲೆಯನ್ನು ಬೋರಲು ಹಾಕಿ ಅದರ ಮೇಲೆ ಅಂಗಡಿಯವನು ಕೂತಿದ್ದ. ಹೊಸ ಧೋತರ ಉಟ್ಟಿದ್ದ. ಯಾರು ಹೇಳಿದ್ದು ಎಂದು ಅಯ್ಯನವರು ವಿಚಾರಿಸಿದರೆ, ಕ್ರಿಶ್ಚನ್ನರು ಕರೆದಿದ್ದಾರೆ ಎಂದು ಮೂರೂ ಕಡೆ ಒಂದೇ ಉತ್ತರ. ಅಲ್ಲೊಬ್ಬ ಪೇದೆ ನಿಂತಿದ್ದ. ಇಡೀ ಊರಿನಲ್ಲಿ ಒಂದು ಕಪ್ಪು ಚಹಾ ಏಕೆ ಸಿಗುತ್ತಿಲ್ಲ ಎಂದು ತಿಳಿದು ಬರಲು ಠಾಣೆಯ ಸಾಹೇಬರು ಅವನನ್ನು ಕಳಿಸಿದ್ದರು. ಅವನು ಅಯ್ಯನವರ ಬಿಳಿ ಅಂಗಿ ನೋಡಿ, ನೀವೂ ಅವರ ಪೈಕಿಯವರೇ ಎಂದು ಕೇಳಿದ. ಅಯ್ಯನವರು ಸ್ವಲ್ಪ ವಿಚಾರ ಮಾಡಿ ಹೌದು ಎಂದರು. ಪೇದೆ ಸಲಾಮು ಹೊಡೆದು, ಊಟಕ್ಕೆ ಇನ್ನೂ ಎಷ್ಟು ಹೊತ್ತು ಎಂದು ವಿಚಾರಿಸಿದ.

ಜನ ಬರತೊಡಗಿದರು. ಮೀಯಿಸಿದ ಮಕ್ಕಳು, ಇಳಕಲ್ ಸೀರೆಯ ಮುದುಕಿಯರು, ಕೈಯಲ್ಲಿ ನೀರಿನ ತಂಬಿಗೆ. ನಡೆಯಲಾರದ ಅಜ್ಜನೊಬ್ಬನನ್ನು ಅವನು ಮಲಗಿದ್ದ ಹೊರಸಿನ ಸಮೇತ ಹೊತ್ತು ತಂದರು. ನಿಡೋಣಿಯಿಂದ ಎಳ್ಳ ಅಮಾವಾಸ್ಯೆಗೆಂದು ಬಂದ ಬೀಗರು ಟ್ರ್ಯಾಕ್ಟರಿನಿಂದಲೇ ಇಳಿದರು. ಮನೆಯಲ್ಲಿ ಕಾಯಲು ಯಾರೂ ಇಲ್ಲವೆಂದು ಒಬ್ಬ ಎಮ್ಮೆಯನ್ನೂ ಹಿಡಿದುಕೊಂಡು ಬಂದಿದ್ದ. ಎಲ್ಲರ ಮುಂದೆ ಪಟಗ ಸುತ್ತಿದ ಶಿವಶರಣಪ್ಪ. ಎಷ್ಟು ಮಂದಿ ಆಗಬಹುದು ಎಂದು ಕೇಳಿದೆ.

"ಎಣಿಸಿಲ್ರಿ ಮಾಸ್ತರ. ಮನ್ಯಾಗ ಉಳದೋರು ಯಾರೂ ಇಲ್ಲ" ಎಂದರು, ಅಭಿಮಾನದಿಂದ.

ರಾಜರತ್ನ ಕಾಣಲಿಲ್ಲ. ಹುಡುಕಿದರೆ ಮಂದಿರದ ಹಿಂದೆ ಉಳ್ಳಾಗಡ್ಡಿ ಚೀಲಗಳ ನಡುವೆ ಕೂತಿದ್ದ. ಜ್ವರ ಬಂದಂತಿದೆ ಎಂದ. ಮುಟ್ಟಿ ನೋಡಿದೆ, ತಣ್ಣಗಿದ್ದ. ಅಯ್ಯನವರ ಬೈಬಲ್ ಪ್ರಸಂಗ ಬಹಳ ಹೊತ್ತು ನಡೆಸಿದರೆ ಅರ್ಧ ಜನ ಬೇಸತ್ತು ಎದ್ದು ಹೋಗಬಹುದು ಎಂದು ಉಪಾಯ ಹೇಳಿದ. ಹಸಿದವರು ಹಿಂದೆ ಹೋಗುವುದಿಲ್ಲ, ಮುಂದೆ ಬರುತ್ತಾರೆ ಎಂದು ನಾನು ಅನುಭವದ ಮೇಲೆ ತಿಳಿಸಿದೆ. ಇತ್ತ ಇದ್ದ ಸಾಮಾನಿನಲ್ಲಿ ಇನ್ನೂರು ಮಂದಿಗಷ್ಟೇ ಅಡುಗೆ ಮುಗಿಸಿದ ಇಸ್ಮಾಯಿಲ ಸೌಟು ಹಿಡಿದು ಪಾತ್ರೆಗಳ ಮುಸುಕು ತೆಗೆಯದೆ ನಿಂತಿದ್ದ. ಅವನ ಹಣೆಯ ಮೇಲೆ ಬೆವರು ಮೂಡಿದ್ದನ್ನು ಅಂದು ನಾನು ಕಣ್ಣಾರೆ ಕಂಡೆ.

ಆಗ ವಿಶಾಖಾ ಒಂದು ಕೆಲಸ ಮಾಡಿದಳು. ಗಂಡನನ್ನೂ ಕೇಳಲಿಲ್ಲ, ಸಮಿತಿಯನ್ನೂ ಕೇಳಲಿಲ್ಲ. ಹೆಂಗಸರ ನಡುವೆ ಕೂತಿದ್ದ ಶಿವಶರಣಪ್ಪನವರ ಹೆಂಡತಿ ಗುರುಸಿದ್ದವ್ವನ ಮುಂದೆ ನೆಟ್ಟಗೆ ಹೋಗಿ ಕೂತಳು.

"ಅಕ್ಕಾರ, ನಮ್ಮ ಮನಿಯವರು ತಿಳೀಲಾರದ ಕರದಾರ್ರಿ. ಅಡಗಿ ಇನ್ನೂರ ಮಂದಿಗಷ್ಟ ಐತಿ. ಏನ್ ಮಾಡ್ಬೇಕು ನೀವ ಹೇಳ್ರಿ."

ಗುರುಸಿದ್ದವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಭುಜ ಅಲುಗತೊಡಗಿದವು. ಸಿಟ್ಟಿಗೆ ಅಳುತ್ತಿದ್ದಾಳೆ ಎಂದು ನಾವು ಹೆದರಿದೆವು. ಅವಳು ನಗುತ್ತಿದ್ದಳು. ಪಕ್ಕದವಳ ಕಿವಿಯಲ್ಲಿ ಹೇಳಿದಳು, ಅವಳು ನಕ್ಕಳು, ಆ ಸಾಲು ನಕ್ಕಿತು, ಹಿಂದಿನ ಸಾಲಿಗೆ ಕಾರಣ ತಿಳಿಯುವ ಮೊದಲೇ ನಗು ಮುಟ್ಟಿತು. ನಗದೆ ಉಳಿದವರು ಶಿವಶರಣಪ್ಪ ಒಬ್ಬರೇ. ಡಂಗುರ ಹೊಡೆಸಿದವರು ಅವರು, ಅವರ ಪಟಗದ ಪ್ರಶ್ನೆ. ಮುಖ ಕಪ್ಪಿಟ್ಟಿತ್ತು. ಗಂಡಸರಲ್ಲಿ ಯಾರೋ, ಮನೆಗೆ ಹೋಗಿ ಒಂದೊಂದು ತಪ್ಪೇಲಿ ಅನ್ನಕ್ಕಿಟ್ಟರಾಯಿತು ಎಂದರು. ಗುರುಸಿದ್ದವ್ವ ಎದ್ದು ನಿಂತಳು.

"ಹಚ್ಚಂಗಿಲ್ಲ ಅಂದ ಮ್ಯಾಲೆ ಹಚ್ಚಂಗಿಲ್ಲ. ಒಲಿ ಹಚ್ಚಬ್ಯಾಡ್ರಿ ಅಂದಾರ, ರೊಟ್ಟಿ ತರಬ್ಯಾಡ್ರಿ ಅಂದಿಲ್ಲ."

ಎಳ್ಳ ಅಮಾವಾಸ್ಯೆ ಹತ್ತಿರವಿತ್ತು. ಆ ಹಬ್ಬಕ್ಕೆ ನಮ್ಮ ಕಡೆ ವಾರ ಮೊದಲೇ ಸಜ್ಜೆ ರೊಟ್ಟಿ, ಜೋಳದ ರೊಟ್ಟಿ ಬಡಿದು, ಕಟಕ್ ಎನ್ನುವಂತೆ ಒಣಗಿಸಿ, ಬುಟ್ಟಿಗಟ್ಟಲೆ ಒಟ್ಟಿಟ್ಟಿರುತ್ತಾರೆ. ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ ಎಂಬ ಚಟ್ನಿ ಪುಡಿಗಳು ಡಬ್ಬಿ ತುಂಬ ಇರುತ್ತವೆ. ಇದ್ಯಾವುದಕ್ಕೂ ಬೆಂಕಿ ಬೇಡ. ಹೊಲಕ್ಕೆ ಚರಗ, ಅಂದರೆ ಭೂಮಿತಾಯಿಯ ಎಡೆ, ಚೆಲ್ಲಲು ಬೇಕಾದಷ್ಟನ್ನು ಎತ್ತಿಟ್ಟು ಉಳಿದದ್ದನ್ನು ತನ್ನಿ ಎಂದು ಗುರುಸಿದ್ದವ್ವ ಅಪ್ಪಣೆ ಕೊಟ್ಟಳು. ಹೆಂಗಸರು ಎದ್ದರು. ನಾವು ಇನ್ನೂ ಏನಾಗುತ್ತಿದೆ ಎಂದು ವಿಚಾರಿಸುತ್ತಿರುವಾಗಲೇ ತಲೆಯ ಮೇಲೆ ಬುಟ್ಟಿ ಹೊತ್ತ ಸಾಲು ಎಲ್ಲ ಓಣಿಗಳಿಂದ ತಿರುಗಿ ಬಂತು. ಮೊಸರಿನ ಗಡಿಗೆ ಬಂದವು, ಬೆಣ್ಣೆ ಬಂತು, ಎಳೆ ಮೂಲಂಗಿ, ಉಳ್ಳಾಗಡ್ಡಿ ಬಂದವು. ಶಿವಶರಣಪ್ಪನವರ ಮುಖದ ಮೇಲೆ ರಕ್ತ ಮರಳಿತು.

ಓಣಿಯ ಉದ್ದಕ್ಕೂ ಪಂಕ್ತಿ ಕೂತಿತು. ಇಸ್ಮಾಯಿಲ ಹುಗ್ಗಿಯನ್ನು ಒಬ್ಬೊಬ್ಬರಿಗೆ ಒಂದು ಚಮಚೆಯಂತೆ ಕೊಟ್ಟ, ಆದರೆ ಯಾರೊಬ್ಬರನ್ನೂ ಬಿಡಲಿಲ್ಲ. ನಮ್ಮ ನಾಲ್ಕು ಮನೆತನದವರು ಬಡಿಸಿದರು. ಪೇದೆ ಬೆಲ್ಟು ಸಡಿಲಿಸಿ ಮೊಸರು ಹಾಕುವ ಕೆಲಸ ವಹಿಸಿಕೊಂಡ. ಅಯ್ಯನವರು ಪ್ರಸಂಗಕ್ಕೆ ಮೈಕ್ ಹಿಡಿದು ಎದ್ದರೆ, ಊರಿಗೆ ಊರೇ ರೊಟ್ಟಿ ಮುರಿಯುವ ಸದ್ದಿನಲ್ಲಿ ಅವರ ಮಾತು ಅವರಿಗೇ ಕೇಳಲಿಲ್ಲ. ಐದು ರೊಟ್ಟಿ ಎರಡು ಮೀನು ಐದು ಸಾವಿರ ಮಂದಿಗೆ ಸಾಕಾದ ಅಧ್ಯಾಯ ತೆರೆದಿಟ್ಟುಕೊಂಡಿದ್ದರು. ಒಮ್ಮೆ ಬೈಬಲನ್ನೂ ಒಮ್ಮೆ ಪಂಕ್ತಿಯನ್ನೂ ನೋಡಿದರು. ಇದರ ಮೇಲೆ ನಾನು ಓದುವುದು ಏನೂ ಉಳಿದಿಲ್ಲ ಎಂದು ಹೇಳಿ ಪುಸ್ತಕ ಮುಚ್ಚಿ, ಹೊರಸಿನ ಅಜ್ಜನ ಪಕ್ಕದಲ್ಲಿ ಊಟಕ್ಕೆ ಕೂತರು. ಅವರು ಮಾಡಿದ ಪ್ರಸಂಗಗಳಲ್ಲಿ ಅದೇ ಚಿಕ್ಕದು, ಅದೇ ಒಳ್ಳೆಯದು ಎಂದು ನನ್ನ ಅಭಿಪ್ರಾಯ. ಅಷ್ಟರಲ್ಲಿ ರಾಜರತ್ನನ ಜ್ವರ ಇಳಿದಿತ್ತು. ಸಾಲು ಸಾಲಿಗೂ ಹೋಗಿ, ನಾಚಬ್ಯಾಡ್ರಿ, ಕೇಳಿ ಹಾಕಿಸ್ಕೋರಿ ಎಂದು ಅವರ ರೊಟ್ಟಿಯನ್ನು ಅವರಿಗೇ ಒತ್ತಾಯ ಮಾಡುತ್ತಿದ್ದ.

ಪರಾಮರ್ಶೆ ಸಭೆಯಲ್ಲಿ ನಾನು ಇಷ್ಟು ಹೇಳಿ ಕೂತಾಗ ಎಲ್ಲರೂ ನಕ್ಕರು. ಅಯ್ಯನವರೂ ನಕ್ಕರು. ಆದರೆ ಲೆಕ್ಕ ಮರೆಯುವ ಮನುಷ್ಯರಲ್ಲ ಅವರು. ಜನ ಬಂದದ್ದು ಊಟಕ್ಕೆ, ಅದು ನನಗೂ ಗೊತ್ತು, ಈ ಮಂದಿರ ಬೇಕೆಂದು ಅವರಲ್ಲಿ ಹೇಳಿದವರು ಯಾರು ಎಂದು ರಾಜರತ್ನನನ್ನೇ ಕೇಳಿದರು. ಅವನು ಎದ್ದ. ಊರಿಗೆ ಊರೇ ಎಂದು ಶುರುಮಾಡುತ್ತಾನೆ ಎಂದು ನಾವೆಲ್ಲ ಉಸಿರು ಹಿಡಿದೆವು. ವಿಶಾಖಾಳಂತೂ ಅಂಗಿಯ ಚುಂಗು ಹಿಡಿದೇ ಕೂತಿದ್ದಳು. ಅವನು ಮುದುಕವ್ವನ ಕಡೆ ನೋಡಿದ. ನಂತರ ನೆಲ ನೋಡಿದ.

"ಯಾರೂ ಹೇಳಿಲ್ರಿ ಅಯ್ಯನೋರ. ನಾನ ಹೇಳಿದ್ದೆ. ಮನಿ ನಾಕ ಅದಾವು."

  ಮುದುಕವ್ವ ಸೆರಗು ಸರಿಮಾಡಿಕೊಂಡಳು. ಅಯ್ಯನವರು ಕನ್ನಡಕ ತೆಗೆದು ಕೈಯಲ್ಲಿ ಹಿಡಿದರು. ಆಗ ಹಿಂದಿನ ಬೆಂಚಿನಿಂದ ಶಿವಶರಣಪ್ಪ ಎದ್ದರು. ಅವರನ್ನು ಅತಿಥಿಯಾಗಿ ಕರೆದಿದ್ದೆವು. ನಾನು ನಿಮ್ಮ ಸಭೆಯವನಲ್ಲ, ಆದರೂ ಒಂದು ಮಾತು ಆಡಬಹುದೇ ಎಂದು ಕೇಳಿಕೊಂಡರು.

"ತಿಳದ ಕರದಿರೋ, ತಿಳೀಲಾರದ ಕರದಿರೋ, ಒಲಿ ಹಚ್ಚಬ್ಯಾಡ್ರಿ ಅಂದ್ರಿ. ನಾವು ಹಚ್ಚಲಿಲ್ಲ, ಬಂದು ಉಂಡ್ವಿ. ಉಂಡ ಮ್ಯಾಲೆ ಹೊಳ್ಳಿ ಹಂಗ ಕರೀಬೇಕ್ರಿ, ಇಲ್ಲಾಂದ್ರ ನಮ್ಮ ಅಗಸಿ ಮರ್ಯಾದಿ ಉಳ್ಯಂಗಿಲ್ಲ. ನಮ್ಮ ಮೊಮ್ಮಗಳು ಕಾವ್ಯಾನ ಲಗ್ನ ಐತಿ. ಆಮ್ಯಾಲೆ ಉಳದ ಮನ್ಯಾಗಿನ ಕಾರ್ಯ ಅದಾವು. ಒಬ್ಬೊಬ್ರೂ ಬಂದು ಕರ್ಯಾವ್ರ. ನಮ್ಮನ್ನ ಕರದದ್ದು ಈ ಮಂದಿರ. ಇದಕ್ಕ ಕೀಲಿ ಹಾಕಿದ್ರ ನಾವು ಯಾರ ಬಾಗಲಾಗ ನಿಂತ ಕರೀಬೇಕ್ರಿ?"

ಅಯ್ಯನವರು ಕನ್ನಡಕ ಹಾಕಿಕೊಂಡರು. ಅಗಸಿ ಒಳಗೆ ಎಷ್ಟು ಮನೆಗಳಿವೆ ಎಂದು ವಿಚಾರಿಸಿದರು. ಒಂದೊಂದು ಮನೆಯಲ್ಲಿ ಒಂದೊಂದು ಕಾರ್ಯ ಎಂದರೂ ತಮ್ಮ ಆಯುಷ್ಯದಲ್ಲಿ ಮುಗಿಯುವಂತಿಲ್ಲ ಎಂದು ಒಪ್ಪಿಕೊಂಡರು. ಪಾಸ್ಟರರ ಕಡೆ ತಿರುಗಿ, ಭಾನುವಾರದ ಆರಾಧನೆ ಇಲ್ಲೇ ನಡೆಯಲಿ, ಇನ್ನು ಮುಂದೆ ಈ ಮಾತು ಎತ್ತುವುದು ಬೇಡ ಎಂದರು. ನಾವು ಚಪ್ಪಾಳೆ ಹೊಡೆದೆವು. ಸಣ್ಣ ಮಂದಿರವಾದ್ದರಿಂದ ಬಹಳ ಜೋರಾಗಿ ಕೇಳಿತು.

ಎಲ್ಲರೂ ಹೊರಗೆ ಹೋಗುವಾಗ ಮುದುಕವ್ವ ಬೆಂಚು ಹಿಡಿದು ಹಿಡಿದು ರಾಜರತ್ನನ ಹತ್ತಿರ ಬಂದಳು. ಅವನು ಬಗ್ಗಿ ನಿಂತ. ಅವಳು ಅವನ ಗದ್ದ ಹಿಡಿದು ಮುಖವನ್ನೇ ನೋಡಿದಳು.

"ಸುಳ್ಳ ಹೇಳಿ ಉಳಸ್ತೀ ಅಂದ್ಕೊಂಡಿದ್ನೆಪ್ಪಾ. ಖರೇ ಹೇಳಿ ಉಳಿಸಿದಿ."

 ಏನೋ ಹೇಳಲು ಬಾಯಿ ತೆರೆದ ರಾಜರತ್ನ ಅವಳ ಹೆಗಲ ಮೇಲೆ ತಲೆ ಇಟ್ಟು ಅತ್ತುಬಿಟ್ಟ. ನನಗೂ ಕಣ್ಣು ತುಂಬಿ ಬಂದವು, ಹೇಳಿಕೊಳ್ಳಲು ನಾಚಿಕೆ ಏನೂ ಇಲ್ಲ.